ಏರಿನಲ್ಲಿ ಗಲಗಲ: ಹಳೇ ಕಾರಿನ ಇಂಜಿನ್ನು ಏನು ಹೇಳ್ತಿದೆ?

ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದ ಕಡೆ ಈಗ ಬೀದಿಗೊಂದಾದರೂ ಹಳೇ ಕಾರು ಇದ್ದೇ ಇರುತ್ತೆ. ಬೆಂಗಳೂರಿನವರು ಹದಿನೈದು ವರ್ಷ ಓಡಿಸಿ ಸಾಕೆನಿಸಿ ಬಿಟ್ಟದ್ದು ನಮ್ಮ ಗಡಿ ಹಳ್ಳಿಗೆ ಬಂದು ಇನ್ನೊಂದು ಜನ್ಮ ತಾಳುತ್ತದೆ. ಹಿಂದೂಪುರದ ಗೂಡಿನ ಮಾರುಕಟ್ಟೆಗೂ ಅದೇ, ಹುಣಸೆಹಣ್ಣಿನ ಮಂಡಿಗೂ ಅದೇ, ಶಿರಾದ ಮದುವೆಗೂ ಅದೇ, ರಾತ್ರಿ ಹೊತ್ತು ಆಸ್ಪತ್ರೆಗೂ ಅದೇ. ಇವು ಕಾರ್ಬುರೇಟರ್ ಕಾಲ ಮುಗಿದ ಮೇಲಿನ ಗಾಡಿಗಳು. ಬಾನೆಟ್ಟಿನೊಳಗೆ ಒಂದು ಪುಟ್ಟ ಕಂಪ್ಯೂಟರು ಕೂತು ಪೆಟ್ರೋಲನ್ನು ಅಳೆದು ಇಂಜೆಕ್ಟರಿನ ಮೂಲಕ ಚಿಮುಕಿಸುತ್ತೆ. ಎಂಪಿಎಫ್‌ಐ ಎಂದು ಹಿಂದಿನ ಗಾಜಿನ ಮೇಲೆ ಹೆಮ್ಮೆಯಿಂದ ಬರೆದಿರುತ್ತಿದ್ದರಲ್ಲ, ಅದೇ.

ಇಂಥ ಗಾಡಿಗಳವರ ಒಂದು ಸಾಮಾನ್ಯ ದೂರು ಉಂಟು. ಸಮ ರಸ್ತೆಯಲ್ಲಿ ಏನೂ ಇಲ್ಲ. ಏರು ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ತಗಡಿನ ಡಬ್ಬಿಯಲ್ಲಿ ಒಂದು ಹಿಡಿ ನೊರಜುಗಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಗಲಗಲ ಸದ್ದು. ಕಾಲು ತೆಗೆದರೆ ನಿಲ್ಲುತ್ತೆ, ಒತ್ತಿದರೆ ಮತ್ತೆ ಶುರು. ಗ್ಯಾರೇಜಿನವರು ಇದಕ್ಕೆ ನಾಕಿಂಗ್ ಅಂತಾರೆ, ಕೆಲವರು ಪಿಂಗಿಂಗ್ ಅಂತಾರೆ. ನಮ್ಮ ಕಡೆ ಕನ್ನಡದಲ್ಲಿ 'ಇಂಜಿನ್ನು ಕುಟ್ತೈತೆ' ಎನ್ನುತ್ತೇವೆ, ತೆಲುಗಿನಲ್ಲಿ 'ಇಂಜಿನ್ ಕೊಟ್ಟುಕುಂಟೋಂದಿ' ಎನ್ನುತ್ತೇವೆ. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಇಲ್ಲೊಂದು ತಮಾಷೆ ಕಾಣುತ್ತೆ. ಕನ್ನಡದಲ್ಲಿ 'ಕೊಟ್ಟು' ಎಂದರೆ ದಾನ, ತೆಲುಗಿನಲ್ಲಿ 'ಕೊಟ್ಟು' ಎಂದರೆ ಏಟು. ಈ ಸದ್ದಿನ ಮಟ್ಟಿಗೆ ಎರಡೂ ದಿಟ. ಏಟು ಇಂಜಿನ್ನಿಗೆ, ಕೊಡುವವರು ನಾವು.

ನನ್ನದು 2003ರ ಮಾಡೆಲ್ಲು, ಮೂರನೇ ಕೈಯಿಂದ ಬಂದದ್ದು. ನಮ್ಮಣ್ಣನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು. ಬೆಳಗ್ಗೆ ಕರಕೊಂಡು ಹೋಗಿ, ಮಧ್ಯಾಹ್ನ ಸುಸ್ತಾದವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರಬೇಕು. ಬಸ್ಸಿನಲ್ಲಿ ಆಗದ ಮಾತು. ಬಾಡಿಗೆ ಕಾರಿಗೆ ವಾರಕ್ಕೆರಡು ಸಲ ಕೊಡುತ್ತಾ ಹೋದರೆ ಕಡಲೇಕಾಯಿ ಬೆಳೆ ಪೂರಾ ಅದಕ್ಕೇ ಸಾಲದು. ಹೀಗಿರುವಾಗ 2024ರ ಬೇಸಿಗೆಯಲ್ಲಿ ನನ್ನ ಗಾಡಿಗೆ ಈ ಗಲಗಲ ಹಿಡಿಯಿತು. ಅದು ಬಿಟ್ಟ ಬಗೆಯನ್ನು ಬರೆದರೆ ನಾಲ್ಕು ಜನಕ್ಕೆ ಉಪಯೋಗವಾದೀತು.

ಸಿಲಿಂಡರಿನೊಳಗೆ ನಡೆಯುವುದೇನು?

ಪೆಟ್ರೋಲು, ಗಾಳಿ ಬೆರೆತ ಆವಿಯನ್ನು ಪಿಸ್ಟನ್ನು ಮೇಲಕ್ಕೆ ಒತ್ತುತ್ತೆ. ಸರಿಯಾದ ಗಳಿಗೆಗೆ ಪ್ಲಗ್ಗು ಕಿಡಿ ಹಾರಿಸುತ್ತೆ. ಬೆಂಕಿ ಪ್ಲಗ್ಗಿನ ಹತ್ತಿರ ಹುಟ್ಟಿ, ಬದುವಿನ ಒಣಹುಲ್ಲಿಗೆ ಒಂದು ತುದಿಯಲ್ಲಿ ಕಡ್ಡಿ ಗೀರಿದ ಹಾಗೆ, ಒಂದೇ ಸಮನೆ ಆಚೆ ತುದಿಗೆ ಹರಡಬೇಕು. ಹಾಗೆ ಹರಡುತ್ತಾ ಅದು ಪಿಸ್ಟನ್ನನ್ನು ಕೆಳಕ್ಕೆ ತಳ್ಳಬೇಕು. ಆದರೆ ಒಳಗೆ ಕಾವು ಹೆಚ್ಚಾಗಿದ್ದರೆ, ಇಲ್ಲವೇ ಮಿಶ್ರಣದಲ್ಲಿ ಪೆಟ್ರೋಲು ಕಮ್ಮಿಯಾಗಿದ್ದರೆ, ಬೆಂಕಿ ತಲುಪುವ ಮೊದಲೇ ಆಚೆ ಮೂಲೆಯ ಆವಿ ತಾನೇ ತಾನಾಗಿ ಧಗ್ ಎಂದು ಒಮ್ಮೆಗೇ ಹತ್ತಿಕೊಳ್ಳುತ್ತೆ. ಆಗ ಏಳುವ ಒತ್ತಡದ ಅಲೆ ಸಿಲಿಂಡರಿನ ಗೋಡೆಗೆ ಬಡಿಯುತ್ತೆ. ನಾವು ಕೇಳುವ ಗಲಗಲ ಆ ಬಡಿತವೇ.

ಅಪರೂಪಕ್ಕೊಮ್ಮೆ ಕೇಳಿಸಿದರೆ ಮೋಸವಿಲ್ಲ. ದಿನಾ ಕೇಳಿಸಿದರೆ ಕೆಟ್ಟದ್ದು. ಪಿಸ್ಟನ್ನಿನ ತಲೆಯ ಮೇಲೆ, ಸಿಲಿಂಡರಿನ ಗೋಡೆಯ ಮೇಲೆ ತೆಳುವಾದ ಒಂದು ಆವಿಯ ಪದರ ಕವಚದ ಹಾಗೆ ಇರುತ್ತೆ. ಈ ಬಡಿತ ಅದನ್ನು ಚದುರಿಸುತ್ತೆ. ಬೆಂಕಿಯ ಶಾಖ ನೇರವಾಗಿ ಲೋಹಕ್ಕೆ ತಾಕುತ್ತೆ. ರಿಂಗಿನ ಅಂಚು ಒಡೆಯಬಹುದು, ಹೆಡ್ ಗ್ಯಾಸ್ಕೆಟ್ ಹೋಗಬಹುದು, ಪಿಸ್ಟನ್ನಿನ ತಲೆ ಕರಗಿ ತೂತಾಗಲೂಬಹುದು. ಆಮೇಲೆ ರಿಪೇರಿಯ ಮಾತಿಲ್ಲ, ಇಂಜಿನ್ನಿನ ತಿಥಿಯೇ.

ಇದು ಇಂದಿನ ರೋಗವೂ ಅಲ್ಲ. ನೂರು ವರ್ಷದ ಹಿಂದೆ ಕಾರು ತಯಾರಕರಿಗೆಲ್ಲ ಇದೇ ತಲೆನೋವಾಗಿತ್ತು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬಾತ ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ಚೂರು ಬೆರೆಸಿ ಈ ಬಡಿತವನ್ನು ಅಡಗಿಸಿದ. ಇಂಜಿನ್ನು ಸುಮ್ಮನಾಯಿತು, ಆದರೆ ಸೀಸದ ವಿಷ ಊರೂರಿನ ಗಾಳಿಗೆ ಸೇರಿತು. ನಮ್ಮ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲು ಎಲ್ಲ ಕಡೆ ಬಂದದ್ದು 2000ದ ಫೆಬ್ರವರಿಯಲ್ಲಿ. ಸದ್ದು ಅಡಗಿಸುವುದು ಬೇರೆ, ರೋಗ ವಾಸಿ ಮಾಡುವುದು ಬೇರೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮೊದಲು ಸದ್ದಿನ ಜಾತಿ ತಿಳೀಬೇಕು

ಎಲ್ಲ ಸದ್ದೂ ನಾಕಿಂಗ್ ಅಲ್ಲ. ನಮ್ಮ ಎರಡೂ ಭಾಷೆಗಳಲ್ಲಿ ಸದ್ದಿನ ಪದಗಳಿಗೆ ಬರಗಾಲವಿಲ್ಲ, ಅವನ್ನು ಸರಿಯಾಗಿ ಬಳಸಿದರೆ ಮೇಸ್ತ್ರಿಯ ಅರ್ಧ ಕೆಲಸ ಮುಗಿದ ಹಾಗೆ. ಬೆಳಗ್ಗೆ ತಣ್ಣಗಿರುವಾಗ, ನಿಂತ ಕಡೆಯೇ, ಹೊಲಿಗೆ ಮಿಷಿನ್ನಿನಂತೆ ಟಿಕ್ಕ ಟಿಕ್ಕ ಎಂದರೆ ಅದು ಟ್ಯಾಪೆಟ್ಟು. ತಣ್ಣಗಿರುವಾಗ ಡಬ್ ಡಬ್ ಎಂದು, ಕಾವೇರಿದ ಮೇಲೆ ಕಮ್ಮಿಯಾದರೆ ಪಿಸ್ಟನ್ನು ಸವೆದಿರಬಹುದು. ಒನಕೆಯಲ್ಲಿ ಕುಟ್ಟಿದ ಹಾಗೆ ದಪ್ಪನೆಯ ದಢ ದಢ ಎಂದರೆ ಬೇರಿಂಗು, ತಕ್ಷಣ ಇಂಜಿನ್ ಆಫ್ ಮಾಡಿ. ಸೈಲೆನ್ಸರಿನ ಕಡೆಯಿಂದ ಜಿರ್ರ್ ಎಂದರೆ ಯಾವುದೋ ತಗಡಿನ ಬೋಲ್ಟು ಸಡಿಲವಾಗಿದೆ, ಹತ್ತು ರೂಪಾಯಿಯ ಕೆಲಸ. ಇಂಜಿನ್ನು ಕಾದ ಮೇಲೆ, ಭಾರ ಬಿದ್ದಾಗ ಮಾತ್ರ, ತೆಳ್ಳನೆಯ ಗಲಗಲ ಬಂದು, ಕಾಲು ತೆಗೆದೊಡನೆ ಮಾಯವಾದರೆ ಅದೇ ನಮ್ಮ ನಾಕಿಂಗ್.

ಊಹೆಯ ವೈದ್ಯ

ನನ್ನ ಗಾಡಿಯನ್ನು ಮೊದಲು ನೋಡಿದ ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ. 'ಪೆಟ್ರೋಲ್ ಸರಿ ಇಲ್ಲ ಕಣಣ್ಣ, ಬಂಕ್ ಬದಲಾಯಿಸು' ಎಂದ. ಗಡಿಯವರಾದ ನಮಗೆ ಬಂಕ್ ಬದಲಾಯಿಸೋದು ಕಷ್ಟವೇ? ಕರ್ನಾಟಕದ ಕಡೆ ಲೀಟರಿಗೆ ಕೆಲವು ರೂಪಾಯಿ ಕಮ್ಮಿ ಎಂದು ಗಡಿ ದಾಟಿ ಹಾಕಿಸುವವರೇ ನಾವು. ಆಚೆಯದೂ ಹಾಕಿಸಿದೆ, ಈಚೆಯದೂ ಹಾಕಿಸಿದೆ. ಟ್ಯಾಂಕು ಬತ್ತಿಸಿ ಜಾಸ್ತಿ ಬೆಲೆಯ ಪ್ರೀಮಿಯಂ ಪೆಟ್ರೋಲೂ ಒಂದು ಸಲ ತುಂಬಿಸಿದೆ. ಸದ್ದು ಚೂರು ತಗ್ಗಿತು, ಹೋಗಲಿಲ್ಲ. ಈ ಪರೀಕ್ಷೆ ವ್ಯರ್ಥವೇನಲ್ಲ. ಒಳ್ಳೆ ಪೆಟ್ರೋಲಿಗೆ ಸದ್ದು ಪೂರಾ ನಿಂತರೆ ಹಳೇ ಪೆಟ್ರೋಲಿನ ಮೇಲೋ ಇಂಜಿನ್ನೊಳಗಿನ ಮಸಿಯ ಮೇಲೋ ಅನುಮಾನ ಪಡಬೇಕು. ನಿಲ್ಲದಿದ್ದರೆ ಕಾರಣ ಬೇರೆ ಕಡೆ ಇದೆ ಎಂದರ್ಥ.

ಎರಡನೆಯವನು ನಾಲ್ಕೂ ಪ್ಲಗ್ಗು ಹೊಸದು ಹಾಕಿದ. ಸದ್ದು ಹಾಗೇ ಇತ್ತು. ಮೂರನೆಯವನು 'ಟೈಮಿಂಗ್ ಚೂರು ಹಿಂದಕ್ಕಿಡ್ತೀನಿ' ಎಂದು ಡಿಸ್ಟ್ರಿಬ್ಯೂಟರಿಗೆ ಕೈ ಹಾಕಿದ. ಕಿಡಿ ತಡವಾಗಿ ಬಿದ್ದರೆ ಒತ್ತಡ ತಗ್ಗಿ ಸದ್ದು ಅಡಗುತ್ತೆ, ನಿಜ. ಆದರೆ ಪಿಕಪ್ಪು ಸತ್ತಿತು, ಪೆಟ್ರೋಲು ಜಾಸ್ತಿ ಕುಡಿಯಿತು. ಟೈಮಿಂಗು ಮೊದಲೇ ತಪ್ಪಿದ್ದರೆ ಸರಿಪಡಿಸಬೇಕು, ಸರಿಯಿದ್ದದ್ದನ್ನು ತಪ್ಪಿಸುವುದು ಔಷಧವಲ್ಲ. ಅದನ್ನು ಮತ್ತೆ ಗುರುತಿಗೆ ತರಿಸಿದೆ. ನಾಲ್ಕನೆಯ ಕಡೆ ನೇರವಾಗಿ 'ಇಂಜಿನ್ ಬಿಚ್ಚಬೇಕು, ಬೋರ್ ಕೆಲಸ, ಮೂವತ್ತೈದು ಸಾವಿರ' ಎಂದರು. ಗಾಡಿ ಮಾರಿದರೆ ಅಷ್ಟು ಬರುತ್ತೋ ಇಲ್ಲವೋ!

'ಎಪ್ಪುಡು?'

ಕೊನೆಗೆ ಸಿಕ್ಕವರು ಒಬ್ಬ ವಯಸ್ಸಾದ ಮೇಸ್ತ್ರಿ. ತೆಲುಗು, ಕನ್ನಡ, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡುವವರು. ಅವರು 'ಏನಾಗಿದೆ' ಎಂದು ಕೇಳಲಿಲ್ಲ. 'ಅನ್ನಾ, ಶಬ್ದಂ ಎಪ್ಪುಡು ವಸ್ತುಂದಿ?' ಎಂದರು. ಸದ್ದು ಯಾವಾಗ ಬರುತ್ತೆ? ಬೆಳಗ್ಗೆಯೋ ಮಧ್ಯಾಹ್ನವೋ? ಎಷ್ಟನೇ ಗೇರಿನಲ್ಲಿ? ಎಷ್ಟು ದೂರ ಓಡಿದ ಮೇಲೆ? ಟ್ಯಾಂಕು ತುಂಬಿದ್ದಾಗಲೋ ಬರಿದಾಗಿದ್ದಾಗಲೋ? ಒಬ್ಬನೇ ಇದ್ದಾಗಲೋ, ಗಾಡಿ ತುಂಬ ಜನ ಇದ್ದಾಗಲೋ? 'ಎಂಟು ದಿನ ಬರೆದಿಟ್ಟುಕೊಂಡು ಬಾ, ಆಮೇಲೆ ನೋಡೋಣ. ಅಲ್ಲೀವರೆಗೂ ಏರಿನಲ್ಲಿ ಗೇರ್ ಇಳಿಸಿ ಮೆತ್ತಗೆ ಹತ್ತಿಸು' ಎಂದು ಕಳಿಸಿದರು.

ಪದ್ಯ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದೆ. ಎಂಟು ದಿನದ ಲೆಕ್ಕ ಓದಿದಾಗ ನನಗೇ ಎರಡು ಸಂಗತಿ ಕಂಡವು. ಒಂದು, ಬೆಳಗ್ಗೆ ಹೋಗುವಾಗ ಸದ್ದು ಕಮ್ಮಿ, ಮಧ್ಯಾಹ್ನ ಬರುವಾಗ ಜಾಸ್ತಿ. ಎರಡು, ಯಾವ ಹೊತ್ತಾದರೂ ಉದ್ದನೆಯ ಏರಿನಲ್ಲಿ ಶುರುವಿಗೆ ಇಲ್ಲ. ಅರ್ಧ ಏರಿದ ಮೇಲೆ ಸದ್ದೂ ಬರುತ್ತೆ, ಗಾಡಿಯ ಎಳೆತವೂ ಕುಸಿಯುತ್ತೆ. ಪುಸ್ತಕ ನೋಡಿ ಮೇಸ್ತ್ರಿ ನಕ್ಕರು. 'ಮೊದಲನೇದು ನೀರಿನ ದೂರು, ಎರಡನೇದು ಪೆಟ್ರೋಲಿನ ದೂರು. ಎರಡು ಕಳ್ಳರಿದ್ದಾರೆ, ಒಬ್ಬನನ್ನೇ ಹುಡುಕಬೇಡ.'

ಬೋರಿನ ನೀರು ಮಾಡುವ ಕೆಲಸ

ರೇಡಿಯೇಟರಿನ ಮುಚ್ಚಳ ತೆಗೆದರೆ ಒಳಗೆ ಕೂಲೆಂಟಿನ ಬಣ್ಣವೇ ಇಲ್ಲ. ಹಿಂದಿನ ಮಾಲೀಕರ ಕಾಲದಿಂದ ಬರೀ ಬೋರಿನ ನೀರು ಕುಡಿದ ಗಾಡಿ. ನಮ್ಮ ಸೀಮೆಯ ಬೋರಿನ ನೀರು ಎಂಥದ್ದು ಎಂದು ಹೇಳಬೇಕೆ? ಡ್ರಿಪ್ ಹಾಕಿದ ಪ್ರತಿಯೊಬ್ಬ ರೈತನೂ ಬಲ್ಲ. ಎರಡು ವರ್ಷಕ್ಕೆ ಪೈಪಿನೊಳಗೆ ಬಿಳೀ ಸುಣ್ಣ ಕಟ್ಟುತ್ತೆ, ಆಸಿಡ್ ಬಿಟ್ಟು ತೊಳೆಯದಿದ್ದರೆ ಡ್ರಿಪ್ಪರುಗಳು ಕಣ್ಣು ಮುಚ್ಚುತ್ತವೆ. ತಣ್ಣನೆಯ ನೀರೇ ಹೀಗೆ ಮಾಡಿದರೆ, ಕುದಿಯುವಷ್ಟು ಬಿಸಿ ಇರುವ ಇಂಜಿನ್ನೊಳಗೆ ಬಿಟ್ಟೀತೇ? ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಅರ್ಧಕ್ಕರ್ಧ ಸುಣ್ಣ. ನೀರು ತಣ್ಣಗಾಗುವುದಿಲ್ಲ, ಸಿಲಿಂಡರಿನ ಕಾವು ಇಳಿಯುವುದಿಲ್ಲ, ಕಾವು ಹೆಚ್ಚಿದ ಕಡೆ ಆವಿ ತಾನಾಗಿ ಹತ್ತಿಕೊಳ್ಳುತ್ತೆ. ಮಧ್ಯಾಹ್ನದ ಸದ್ದಿಗೆ ಕಾರಣ ಇದು.

ರೇಡಿಯೇಟರ್ ಬಿಚ್ಚಿ ಶುದ್ಧ ಮಾಡಿಸಿದೆವು. ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟು, ಕಾದಾಗ ಬಾಯಿ ತೆರೆಯುತ್ತದೆಯೇ ಎಂದು ನೋಡಿದೆವು. ತೆರೆಯಿತು. ಫ್ಯಾನು ಸರಿಯಾದ ಹೊತ್ತಿಗೆ ತಿರುಗುತ್ತದೆಯೇ ಎಂದೂ ನೋಡಿದ್ದಾಯಿತು. ಆಮೇಲೆ ಕೂಲೆಂಟು ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ತುಂಬಿದರು. ಮಧ್ಯಾಹ್ನವೂ ಬೆಳಗಿನಷ್ಟೇ ಸದ್ದಾಯಿತು. ಆದರೆ ಅರ್ಧ ಏರಿದ ಮೇಲಿನ ಗಲಗಲ ಉಳಿದೇ ಇತ್ತು. ಒಬ್ಬ ಕಳ್ಳ ಸಿಕ್ಕಿದ್ದ, ಇನ್ನೊಬ್ಬ ಬಾಕಿ.

ಒಂದು ಡ್ರಿಪ್ಪರು ಒಣಗಿದರೆ, ಸಾಲೆಲ್ಲ ಒಣಗಿದರೆ

'ಹಳೇ ಪ್ಲಗ್ಗು ಎಲ್ಲಿ?' ಎಂದು ಮೇಸ್ತ್ರಿ ಕೇಳಿದರು. ಬಿಚ್ಚಿದ ಸಾಮಾನು ಬಿಸಾಡದೆ ಮನೆಗೆ ತರುವುದು ರೈತರ ಅಭ್ಯಾಸ. ಪೊಟ್ಟಣದಲ್ಲಿ ನಾಲ್ಕೂ ಇದ್ದವು. ಸರಿಯಾಗಿ ಉರಿಯುವ ಇಂಜಿನ್ನಿನ ಪ್ಲಗ್ಗಿನ ತುದಿ ತಿಳಿಗಂದು ಬಣ್ಣಕ್ಕಿರುತ್ತೆ. ಇವು ನಾಲ್ಕೂ ಸುಟ್ಟ ಸುಣ್ಣದಂತೆ ಬೆಳ್ಳಗಿದ್ದವು. ಪೆಟ್ರೋಲು ಸಾಲದೆ ಗಾಳಿಯೇ ಹೆಚ್ಚಾಗಿ ಉರಿದದ್ದರ ಗುರುತು ಅದು.

ಇಲ್ಲಿ ನನ್ನ ತೋಟದ ಲೆಕ್ಕ ನೆನಪಾಯಿತು. ಸಾಲಿನಲ್ಲಿ ಒಂದೇ ಗಿಡ ಬಾಡಿದರೆ ಆ ಡ್ರಿಪ್ಪರು ಕಟ್ಟಿದೆ ಎನ್ನುತ್ತೇವೆ. ಸಾಲಿಗೆ ಸಾಲೇ ಬಾಡಿದರೆ ಡ್ರಿಪ್ಪರು ಹುಡುಕುತ್ತಾ ಕೂರೋದಿಲ್ಲ, ನೇರ ಫಿಲ್ಟರಿನ ಹತ್ತಿರ ಹೋಗುತ್ತೇವೆ. ಒಂದೇ ಪ್ಲಗ್ಗು ಬೆಳ್ಳಗಿದ್ದಿದ್ದರೆ ಆ ಸಿಲಿಂಡರಿನ ಇಂಜೆಕ್ಟರನ್ನು ಅನುಮಾನಿಸಬೇಕಿತ್ತು. ನಾಲ್ಕೂ ಬೆಳ್ಳಗಿವೆ ಎಂದರೆ ಬರವು ಮೇಲಿನಿಂದಲೇ ಬಂದಿದೆ. ಟ್ಯಾಂಕಿನೊಳಗಿನ ಪಂಪು, ಫಿಲ್ಟರು ಅಥವಾ ಪ್ರೆಷರ್ ರೆಗ್ಯುಲೇಟರು. ಇದನ್ನು ಹೇಳಿದಾಗ ಮೇಸ್ತ್ರಿ 'ರೈತಣ್ಣನಿಗೆ ಪಾಠ ಬೇಡ, ಡ್ರಿಪ್ಪಿನ ಗೇಜು ನೋಡೋದು ಗೊತ್ತಲ್ಲ, ಇದೂ ಅಷ್ಟೇ' ಎಂದರು.

ಡ್ರಿಪ್ಪಿನ ಫಿಲ್ಟರಿಗೆ ಮುಂದೊಂದು ಹಿಂದೊಂದು ಗೇಜು ಇರುತ್ತೆ. ಎರಡರ ನಡುವೆ ಅಂತರ ಹೆಚ್ಚಾದರೆ ಫಿಲ್ಟರ್ ಕಟ್ಟಿದೆ ಎಂದು ತಿಳಿಯುತ್ತೇವೆ. ಪೆಟ್ರೋಲ್ ಲೈನಿಗೂ ಅಂಥದೇ ಗೇಜು ಸಿಗುತ್ತೆ. ಇಂಜೆಕ್ಟರುಗಳ ಹತ್ತಿರ ಅದನ್ನು ಜೋಡಿಸಿದರು. ನನ್ನ ಗಾಡಿಗೆ ಸುಮಾರು 3 ಕೆಜಿ ಒತ್ತಡ ಇರಬೇಕು. ನಿಂತಲ್ಲಿ ನೋಡಿದರೆ ಸರಿಯಾಗೇ ಇತ್ತು. ಉದ್ದನೆ ಪೈಪು ಹಾಕಿ ಗೇಜನ್ನು ಮುಂದಿನ ಗಾಜಿನ ಹೊರಗೆ ವೈಪರಿಗೆ ಕಟ್ಟಿ ಏರಿಗೆ ಹೊರಟೆವು. ಅರ್ಧ ಏರಿದಾಗ ಮುಳ್ಳು ಇಳಿಯತೊಡಗಿತು. 2ಕ್ಕೂ ಕೆಳಗೆ ಬಂದಾಗ ಗಲಗಲ ಕೇಳಿಸಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. (ಇದು ಮೇಸ್ತ್ರಿಯೇ ಮಾಡಬೇಕಾದ ಕೆಲಸ. ಒತ್ತಡದ ಪೆಟ್ರೋಲು ಬಿಸಿ ಇಂಜಿನ್ನಿನ ಮೇಲೆ ಒಂದು ಹನಿ ಸೋರಿದರೂ ಗಾಡಿ ಹತ್ತಿ ಉರಿಯುತ್ತೆ. ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು.)

ಗಾಡಿಯಡಿಯ ಫಿಲ್ಟರ್ ಬಿಚ್ಚಿ ಕೊಡವಿದರೆ ತುಕ್ಕಿನ ಕೆಸರು ಬಂತು. ಸಮ ರಸ್ತೆಗೆ ಬೇಕಾದ ಪೆಟ್ರೋಲು ಆ ಕೆಸರಿನ ಸಂದಿಯಲ್ಲೂ ಹಾಯುತ್ತಿತ್ತು. ಏರಿಗೆ ಬೇಕಾದಷ್ಟು ಹಾಯುತ್ತಿರಲಿಲ್ಲ. ಟ್ಯಾಂಕ್ ಇಳಿಸಿ ತೊಳೆದು ಹೊಸ ಫಿಲ್ಟರು ಹಾಕಿದರು. ಫಿಲ್ಟರಿನ ಬೆಲೆ ಕೆಲವು ನೂರು ರೂಪಾಯಿ. ಗೇಜು ಕಟ್ಟಿಕೊಂಡೇ ಮತ್ತೆ ಏರು ಹತ್ತಿದೆವು. ಮುಳ್ಳು 3ರ ಹತ್ತಿರವೇ ನಿಂತಿತು. ಗಲಗಲ ಇಲ್ಲ.

ಎಲ್ಲಾ ಎಥೆನಾಲಿನದೇ ತಪ್ಪೇ?

ಈಗ ಕಟ್ಟೆಯ ಮೇಲೆ ಕೂತವರೆಲ್ಲ ಗಾಡಿಯ ಯಾವ ಕಾಯಿಲೆಗೂ ಎಥೆನಾಲನ್ನೇ ದೂರುತ್ತಾರೆ. ಶೇಕಡಾ 10 ಎಥೆನಾಲಿನ ಗುರಿಯನ್ನು ದೇಶ 2022ರಲ್ಲಿ ಮುಟ್ಟಿತು. ಶೇಕಡಾ 20ರ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ನ್ಯಾಯವಾಗಿ ನೋಡಿದರೆ ನಾಕಿಂಗ್ ವಿಷಯದಲ್ಲಿ ಎಥೆನಾಲು ನಮ್ಮ ಕಡೆಯ ಸಾಕ್ಷಿ. ಅದು ತಾನಾಗಿ ಹತ್ತಿಕೊಳ್ಳುವುದನ್ನು ಪೆಟ್ರೋಲಿಗಿಂತ ಚೆನ್ನಾಗಿ ತಡೆಯುತ್ತೆ, ಅಂದರೆ ಆಕ್ಟೇನು ಹೆಚ್ಚು.

ಆದರೆ ಅದರ ಇನ್ನೊಂದು ಮುಖವೂ ಇದೆ. ಒಂದು ಕೆಜಿ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಒಂದು ಕೆಜಿ ಎಥೆನಾಲಿಗೆ ಸುಮಾರು 9 ಕೆಜಿ ಸಾಕು. ಎಂದರೆ ಅಷ್ಟೇ ಗಾಳಿಗೆ ಎಥೆನಾಲು ಬೆರೆತ ಪೆಟ್ರೋಲನ್ನು ಹೆಚ್ಚು ಸುರಿಯಬೇಕು. ಸಮ ರಸ್ತೆಯಲ್ಲಿ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರು ನೋಡಿ ಹೇಳುತ್ತೆ, ಕಂಪ್ಯೂಟರು ಸರಿದೂಗಿಸುತ್ತೆ. ಏರಿನಲ್ಲಿ ಪೂರಾ ಒತ್ತಿದಾಗ ಹಳೇ ಗಾಡಿಗಳ ಕಂಪ್ಯೂಟರು ಸೆನ್ಸರಿನ ಮಾತು ಬಿಟ್ಟು ತನ್ನ ಹಳೇ ಲೆಕ್ಕದ ಪ್ರಕಾರ ಸುರಿಯುತ್ತೆ. ಅಲ್ಲಿ ಫಿಲ್ಟರೂ ಕಟ್ಟಿದ್ದರೆ ಬರಗಾಲದಲ್ಲಿ ಅಧಿಕಮಾಸ. ಜೊತೆಗೆ ಎಥೆನಾಲು ನೀರನ್ನು ಹೀರುತ್ತೆ, ಹಳೇ ಟ್ಯಾಂಕಿನಲ್ಲಿ ಅಂಟಿ ಕೂತ ಕೊಳೆಯನ್ನು ಸಡಿಲಿಸುತ್ತೆ, ಹಳೇ ರಬ್ಬರ್ ಪೈಪುಗಳಿಗೂ ಒಳ್ಳೆಯದಲ್ಲ. ಹೀಗಾಗಿ ಇಪ್ಪತ್ತು ವರ್ಷದ ಗಾಡಿಯವರು ಫಿಲ್ಟರನ್ನೂ ಪೆಟ್ರೋಲ್ ಪೈಪನ್ನೂ ಮೊದಲಿಗಿಂತ ಬೇಗ ಬೇಗ ನೋಡಿಸಬೇಕು.

ಕಮ್ಮಿ ಖರ್ಚಿನಿಂದ ಶುರು ಮಾಡಿ

ನಿಮ್ಮ ಗಾಡಿಗೂ ಗಲಗಲ ಹಿಡಿದಿದ್ದರೆ ಈ ದಾರಿ ಹಿಡಿಯಿರಿ. ಮೊದಲು ನಿಮ್ಮ ಕಾಲು, ಕೈ. ನಾಲ್ಕನೇ ಗೇರಿನಲ್ಲೇ ಏರನ್ನು ಹತ್ತಿಸಲು ಹೊರಟರೆ ಹೊಸ ಗಾಡಿಯೂ ಗೊಣಗುತ್ತೆ. ಗೇರು ಇಳಿಸಿ. ನನ್ನ ಗಾಡಿಯೂ ಈ ಒಂದು ಮಾತಿಗೆ ಈಗಲೂ ಮುನಿಯುತ್ತೆ. ಆಮೇಲೆ ಎಂಟು ದಿನ ಬರೆದಿಡಿ. ಆಮೇಲೆ ಕೂಲೆಂಟು, ರೇಡಿಯೇಟರು, ಫ್ಯಾನು. ಆಮೇಲೆ ಏರ್ ಫಿಲ್ಟರು, ಪ್ಲಗ್ಗಿನ ಬಣ್ಣ, ಗಾಡಿಗೆ ಹೇಳಿದ ನಂಬರಿನ ಪ್ಲಗ್ಗೇ ಇದೆಯೇ ಎಂಬುದು. ಆಮೇಲೆ ಟೈಮಿಂಗು ಗುರುತಿನ ಮೇಲೆ ಇದೆಯೇ. ಆಮೇಲೆ ಪೆಟ್ರೋಲಿನ ಒತ್ತಡ, ನಿಂತಲ್ಲಿ ಅಲ್ಲ, ಭಾರ ಬಿದ್ದಾಗ.

ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಹತ್ತಿದ್ದರೆ ಮೊದಲು ಕಂಪ್ಯೂಟರಿನ ಕೋಡು ಓದಿಸಿ. ನೀರಿನ ಕಾವು ಹೇಳುವ ಸೆನ್ಸರು, ಗಾಳಿಯ ಒತ್ತಡ ಹೇಳುವ ಸೆನ್ಸರು ಸುಳ್ಳು ಹೇಳಿದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತೆ. ಕೆಲವು ಗಾಡಿಗಳಿಗೆ ಇಜಿಆರ್ ಎಂಬ ವಾಲ್ವು ಇರುತ್ತೆ. ಅದು ಸುಟ್ಟ ಹೊಗೆಯನ್ನು ಚೂರು ವಾಪಸು ಬಿಟ್ಟು ಒಳಗಿನ ಕಾವು ತಗ್ಗಿಸುತ್ತೆ. ಮಸಿ ಕಟ್ಟಿ ಮುಚ್ಚಿಕೊಂಡರೂ ಗಲಗಲ ಬರುತ್ತೆ. ಇದೆಲ್ಲ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಆಗ ಪಿಸ್ಟನ್ನಿನ ತಲೆಯ ಮೇಲೆ ಕೂತ ಮಸಿಯ ಮಾತು, ಆಗ ಹೆಡ್ಡು ಬಿಚ್ಚುವ ಮಾತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ ಮೇಲೆ ಅದೇ ಏರು ಹತ್ತಿ ನೋಡಿ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ವಾಸಿಯಾಯಿತು ಅನ್ನೋದು ಯಾರಿಗೂ ತಿಳಿಯದು.

ಬೆಳೆಗೆ ರೋಗ ಬಂದಾಗ ಅಂಗಡಿಯವನು ಕೊಟ್ಟ ಔಷಧವನ್ನೆಲ್ಲ ಹೊಡೆದು ಸಾಲದಲ್ಲಿ ಬಿದ್ದವರನ್ನು ನಮ್ಮ ಸೀಮೆ ಬೇಕಾದಷ್ಟು ಕಂಡಿದೆ. ಎಲೆ ತಿರುವಿ ನೋಡಿ, ಬೇರು ಕಿತ್ತು ನೋಡಿ, ಆಮೇಲೆ ಪಂಪು ಹೆಗಲಿಗೇರಿಸಿದವನು ಉಳಿದಿದ್ದಾನೆ. ಹಳೇ ಕಾರಿನ ವಿಷಯವೂ ಬೇರೆಯಲ್ಲ. ಗ್ಯಾರೇಜಿಗೆ ಹೋದಾಗ 'ಏನು ಹಾಕಬೇಕು' ಎಂದು ಕೇಳಬೇಡಿ. ಸದ್ದು ಯಾವಾಗ ಬರುತ್ತೆ ಅನ್ನೋದನ್ನು ಕನ್ನಡದಲ್ಲೋ ತೆಲುಗಿನಲ್ಲೋ ಬಿಡಿಸಿ ಹೇಳಿ. ಕೇಳಿಸಿಕೊಳ್ಳುವ ತಾಳ್ಮೆ ಇರುವ ಮೇಸ್ತ್ರಿ ಸಿಕ್ಕರೆ ಮೂವತ್ತೈದು ಸಾವಿರದ ಕೆಲಸ ಫಿಲ್ಟರಿನಲ್ಲೇ ಮುಗಿಯಬಹುದು.